ಊದ್: ಹೆಸರು ಉಳಿದು ಮರ ಅಳಿಯುತ್ತಿದೆ

‘ಊದ್’ ಎಂಬ ಹೆಸರು ಹೊತ್ತ ಸುಗಂಧದ್ರವ್ಯ ಇಂದು ಸಿಗದ ಪೇಟೆಯಿಲ್ಲ. ದುಬೈ, ರಿಯಾದ್‌ನ ಮಳಿಗೆಗಳಲ್ಲಿ ಅದರ ಸೀಸೆಗಳು ಸಾಲುಗಟ್ಟಿವೆ. ಪ್ಯಾರಿಸ್‌ನ ಹೆಸರಾಂತ ಸಂಸ್ಥೆಗಳ ಪಟ್ಟಿಯಲ್ಲಿ ಅದಕ್ಕೆ ಮೇಲಿನ ಸ್ಥಾನವಿದೆ. ಬೆಂಗಳೂರಿನಲ್ಲಿ ಮೊಬೈಲ್ ಒತ್ತಿದರೆ ಮನೆಬಾಗಿಲಿಗೇ ಬರುತ್ತದೆ. ಆ ಹೆಸರಿಗೆ ಮೂಲವಾದ ಮರವನ್ನು ಮಾತ್ರ ಕಾಡಿನಲ್ಲಿ ಹುಡುಕಾಡಬೇಕಾಗಿದೆ. ಮೂಲ ಬತ್ತುತ್ತಿರುವಾಗಲೇ ಸರಕು ಉಕ್ಕುತ್ತಿರುವುದು ಹೇಗೆ ಎಂಬುದಕ್ಕೆ ನಾಗರಿಕರಿಗೆ ವಿವರಣೆ ಸಲ್ಲಬೇಕು.

ನಾವು ಕಂಡಂತೆ, ಉತ್ತರ ಸೀಸೆಯ ಮೇಲಿನ ಚೀಟಿಯಲ್ಲಿದೆ. ಒಳಗಿರುವುದು ಮರದ ರಸವೋ ಪ್ರಯೋಗಾಲಯದ ಮಿಶ್ರಣವೋ ಎಂಬುದನ್ನು ಅದು ಹೇಳುವುದಿಲ್ಲ. ಆ ಮೌನದ ಬೆಲೆಯನ್ನು ಗ್ರಾಹಕ, ಕೃಷಿಕ ಮತ್ತು ಕಾಡು ಒಟ್ಟಾಗಿ ತೆರುತ್ತಿದ್ದಾರೆ.

ಈ ವಿಷಯ ನಮಗೆ ದೂರದ್ದೆಂದು ಯಾರೂ ಭಾವಿಸಬೇಕಿಲ್ಲ. ಅರಬ್ಬಿಯಲ್ಲಿ ‘ಊದ್’ ಎಂದರೆ ಕಟ್ಟಿಗೆ. ಸಂಸ್ಕೃತ ಅದೇ ಮರವನ್ನು ‘ಅಗರು’ ಎಂದಿತು. ಕನ್ನಡಿಗರು ದಿನನಿತ್ಯ ದೇವರ ಮುಂದೆ ಹಚ್ಚುವ ಊದಿನಕಡ್ಡಿಯ ಹೆಸರಿನಲ್ಲಿ ಅರಬ್ಬಿಯ ಊದ್ ಇದೆ. ಅದನ್ನೇ ಅಗರಬತ್ತಿ ಎಂದಾಗ ಸಂಸ್ಕೃತದ ಅಗರು ಇದೆ. ಆದರೆ ಬಹುಪಾಲು ಕಡ್ಡಿಗಳಲ್ಲಿರುವುದು ಇದ್ದಿಲ ಪುಡಿ, ಅಂಟು ಮತ್ತು ಮೇಲೆ ಅದ್ದಿದ ಪರಿಮಳ. ಎರಡು ಭಾಷೆಗಳ ಸಾಕ್ಷ್ಯವಿದ್ದೂ ಮರ ಮಾಯವಾದದ್ದು ನಮ್ಮ ಅರಿವಿಗೆ ಬರಲಿಲ್ಲ. ಹೆಸರು ಉಳಿದರೆ ವಸ್ತುವಿನ ನಷ್ಟ ಕಾಣದೆ ಹೋಗುತ್ತದೆ ಎಂಬುದಕ್ಕೆ ನಮ್ಮ ದೇವರಗೂಡೇ ನಿದರ್ಶನ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಧೂಪಭೋಗಕ್ಕೇ ಪ್ರತ್ಯೇಕ ಪ್ರಕರಣವಿದೆ. ಸುಗಂಧವನ್ನು ಶಾಸ್ತ್ರವಾಗಿ, ಅಂದರೆ ದ್ರವ್ಯ ಮತ್ತು ಪ್ರಮಾಣಗಳ ಖಚಿತ ಅರಿವಾಗಿ ಕಂಡ ನಾಡು ಇದು. ಕೌಟಿಲ್ಯನ ಅರ್ಥಶಾಸ್ತ್ರವಂತೂ ಅಗರುವನ್ನು ಜೋಂಗಕ, ದೋಂಗಕ, ಪಾರಸಮುದ್ರಕ ಎಂದು ವಿಂಗಡಿಸಿ, ಬೊಕ್ಕಸಕ್ಕೆ ಸೇರಿಸಿಕೊಳ್ಳುವ ಮೊದಲು ಪರೀಕ್ಷಿಸುವ ಲಕ್ಷಣಗಳನ್ನು ಹೇಳುತ್ತದೆ. ಹೆಸರಿಗೆ ತಕ್ಕ ವಸ್ತು ಇದೆಯೇ ಎಂದು ನೋಡುವುದು ಆಡಳಿತದ ಕರ್ತವ್ಯವೆಂಬ ತಿಳಿವಳಿಕೆ ಆಗಲೇ ಇತ್ತು.

ಅಗರು ಹುಟ್ಟುವ ಕ್ರಮವನ್ನು ಅರಿಯದೆ ಈಗಿನ ಬಿಕ್ಕಟ್ಟು ಅರ್ಥವಾಗದು. ಮುಖ್ಯವಾಗಿ ಅಕ್ವಿಲೇರಿಯಾ ಮತ್ತು ಗೈರಿನಾಪ್ಸ್ ಕುಲಗಳ ಮರಗಳಲ್ಲಿ ಅದು ಉಂಟಾಗುತ್ತದೆ. ಆರೋಗ್ಯವಾಗಿರುವ ಮರದ ತಿರುಳು ಬಿಳಿಚು, ಹಗುರ, ವಾಸನೆಯಿಲ್ಲದ್ದು. ಸಿಡಿಲು, ಗಾಳಿ ಅಥವಾ ಹುಳುವಿನಿಂದ ಗಾಯವಾಗಿ, ಆ ಗಾಯಕ್ಕೆ ಶಿಲೀಂಧ್ರ ಸೇರಿದಾಗ ಮರ ತನ್ನ ರಕ್ಷಣೆಗಾಗಿ ರಾಳ ಸ್ರವಿಸುತ್ತದೆ. ಅಸ್ಸಾಮಿನಲ್ಲಿ ಈ ಗಾಯ ಮಾಡುವುದು ಜ್ಯೂಜೆರಾ ಕಾನ್ಫರ್ಟಾ ಎಂಬ ಕಾಂಡಕೊರಕ ಹುಳು. ವರ್ಷಗಳು ಉರುಳಿದಂತೆ ಆ ಭಾಗ ಕಪ್ಪಾಗಿ, ತೂಕವೇರಿ, ಉತ್ತಮ ದರ್ಜೆಯದಾದರೆ ನೀರಿನಲ್ಲಿ ಮುಳುಗುತ್ತದೆ. ಚೀನೀ ಭಾಷೆಯಲ್ಲಿ ಅದರ ಹೆಸರೇ ಮುಳುಗುವ ಪರಿಮಳ.

ಅಂದರೆ ಊದ್‌ಗೆ ಕೊಡುವ ಹಣ ಒಂದು ಮರದ ವ್ಯಾಧಿಗೆ ಮತ್ತು ಅದು ಕಾದ ಕಾಲಕ್ಕೆ ಕೊಡುವ ಹಣ. ವ್ಯಾಧಿಯನ್ನು ಇಂದು ತೋಟದಲ್ಲಿ ಕೃತಕವಾಗಿ ಉಂಟುಮಾಡಬಹುದು. ಕಾಲವನ್ನು ಅವಸರಿಸುವುದು ಅಷ್ಟು ಸುಲಭವಲ್ಲ.

ವಿನಾಶದ ಕಾರಣವೂ ಇದೇ ಕ್ರಮದಲ್ಲಿ ಅಡಗಿದೆ. ಒಳಗೆ ರಾಳವಿದೆಯೇ ಎಂದು ಹೊರಗಿನಿಂದ ಖಚಿತವಾಗಿ ಹೇಳುವುದು ಅನುಭವಿಗೂ ಕಷ್ಟ. ಕಳ್ಳನಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಅವನು ಕಂಡ ಮರಕ್ಕೆಲ್ಲ ಕೊಡಲಿ ಹಾಕುತ್ತಾನೆ. ಸಿಕ್ಕರೆ ಒಯ್ಯುತ್ತಾನೆ, ಸಿಗದಿದ್ದರೆ ಅಲ್ಲೇ ಬಿಟ್ಟು ಮುಂದಿನದಕ್ಕೆ ಹೋಗುತ್ತಾನೆ. ಹೀಗೆ ಬಿದ್ದ ಮರಗಳಲ್ಲಿ ಬಹಳಷ್ಟು ಪರಿಮಳವೇ ಇಲ್ಲದವು, ಬೀಜ ಉದುರಿಸಿ ಕಾಡನ್ನು ಮುಂದುವರಿಸಬೇಕಾಗಿದ್ದವು.

ಜಗತ್ತಿಗೆ ಈ ವಿಷಯ ತಿಳಿದಿರಲಿಲ್ಲ ಎನ್ನುವಂತಿಲ್ಲ. ವನ್ಯಜೀವಿ ಮತ್ತು ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ರಾಷ್ಟ್ರಗಳು 1994ರಲ್ಲೇ, ಅಸ್ಸಾಮಿನಿಂದ ಇಂಡೊನೇಷ್ಯಾದವರೆಗೆ ಬೆಳೆಯುವ ಅಕ್ವಿಲೇರಿಯಾ ಮಲಾಕೆನ್ಸಿಸ್ ಪ್ರಭೇದವನ್ನು ಎರಡನೆಯ ಅನುಬಂಧಕ್ಕೆ ಸೇರಿಸಿದವು. 2004ರಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಸಭೆ ಎರಡೂ ಕುಲಗಳ ಎಲ್ಲ ಪ್ರಭೇದಗಳನ್ನು ಅದರಡಿ ತಂದಿತು. ಪರವಾನಗಿಯಿಲ್ಲದೆ ಗಡಿ ದಾಟಿಸಬಾರದೆಂಬುದು ಅದರ ಸಾರ. ಆದರೂ 2018ರ ಮೌಲ್ಯಮಾಪನದಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಇದೇ ಪ್ರಭೇದವನ್ನು ತೀವ್ರ ಅಪಾಯದಲ್ಲಿರುವ ವರ್ಗದಲ್ಲಿಟ್ಟಿತು. ಅದಾದ ಮೇಲೆ ಉಳಿಯುವ ಮೆಟ್ಟಿಲು, ಕಾಡಿನಲ್ಲಿ ಅಳಿದಿದೆ ಎಂದು ಬರೆಯುವುದು.

ಕಾಲು ಶತಮಾನದ ಕಾಗದದ ರಕ್ಷಣೆಯ ಫಲ ಇದು. ಒಪ್ಪಂದ ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಸ್ಥಿತಿ ಇನ್ನೂ ಕೆಡುತ್ತಿತ್ತು. ಆದರೆ ಒಪ್ಪಂದ ಬಂದರಿನಲ್ಲಿ ಮರವನ್ನು ತಡೆಯಬಲ್ಲದು. ಅಂಗಡಿಯಲ್ಲಿ ಸೀಸೆಯನ್ನು ಪ್ರಶ್ನಿಸುವ ಅಧಿಕಾರ ಅದಕ್ಕಿಲ್ಲ.

ಸುಗಂಧ ಬಂದರು ಎಂಬ ಅರ್ಥದ ಹೆಸರು ಪಡೆದ ಹಾಂಗ್‌ಕಾಂಗ್‌ನಲ್ಲಿ ಅಳಿದುಳಿದ ಅಗರು ಮರಗಳನ್ನು ಕಳ್ಳರು ಕಡಿಯುತ್ತಿದ್ದಾರೆ. ವಿಯೆಟ್ನಾಂ ಮತ್ತು ಕಾಂಬೋಡಿಯಾದ ಕಾಡಿನ ಸಂಗ್ರಹ ಬಹುಮಟ್ಟಿಗೆ ಬರಿದಾಗಿದೆ. ಅಲ್ಲಿಂದ ಹೊರಟ ಕೊಡಲಿಗಳು ಮಲೇಷ್ಯಾದ ಕಾಡು ಹೊಕ್ಕಿವೆ. ನಮ್ಮ ಈಶಾನ್ಯದಲ್ಲಿಯೂ ಕಾಡಿನ ಅಗರು ಅಪರೂಪವಾಗಿ, ಮರ ಈಗ ಬಹುತೇಕ ಮನೆಗಳ ಹಿತ್ತಿಲಿನಲ್ಲಿ ಉಳಿದಿದೆ.

ಅಸ್ಸಾಮಿಗೆ ಇದು ಬರಿಯ ಮರವಲ್ಲ. ಇಮ್ಮಡಿ ಪುಲಕೇಶಿಯ ಸಮಕಾಲೀನನಾದ ಹರ್ಷನಿಗೆ ಕಾಮರೂಪದ ಭಾಸ್ಕರವರ್ಮ ಕಳುಹಿಸಿದ ಕಾಣಿಕೆಗಳನ್ನು ಬಾಣಭಟ್ಟ ‘ಹರ್ಷಚರಿತ’ದಲ್ಲಿ ಪಟ್ಟಿ ಮಾಡಿದ್ದಾನೆ. ಕೃಷ್ಣಾಗರು ತೈಲವೂ ಅಗರು ತೊಗಟೆಯ ಮೇಲೆ ಬರೆದ ಗ್ರಂಥಗಳೂ ಅದರಲ್ಲಿವೆ. ಅಸ್ಸಾಮಿಗರು ‘ಸಾಂಚಿ’ ಎಂದು ಕರೆಯುವ ಈ ಮರದ ತೊಗಟೆ ಶತಮಾನಗಳ ಕಾಲ ಅವರ ಹಸ್ತಪ್ರತಿಗಳ ಹಾಳೆಯಾಗಿತ್ತು.

ಇನ್ನು ಮಾರುಕಟ್ಟೆಯ ಕಡೆ ನೋಡೋಣ. ಅರಬ್ ಸಂಪ್ರದಾಯದಲ್ಲಿ ಊದ್‌ಗೆ ಮೂರು ರೂಪಗಳಿದ್ದವು: ಕೆಂಡದ ಮೇಲೆ ಇಡುವ ಚಕ್ಕೆ, ಭಟ್ಟಿ ಇಳಿಸಿದ ‘ದಹ್ನ್ ಅಲ್ ಊದ್’ ತೈಲ, ಗುಲಾಬಿ, ಕೇಸರಿ ಮುಂತಾದವುಗಳೊಡನೆ ಬೆರೆಸಿದ ‘ಮುಖಲ್ಲತ್’. ಚಕ್ಕೆಯನ್ನು ಕಣ್ಣಿನಿಂದ, ತೂಕದಿಂದ, ಹೊಗೆಯಿಂದ ಅಳೆಯುತ್ತಿದ್ದರು. ತೈಲವನ್ನು ತೊಲದ ಲೆಕ್ಕದಲ್ಲಿ ಕೊಳ್ಳುತ್ತಿದ್ದರು. ಮಾರುವವನ ಮುಖ, ಕೊಳ್ಳುವವನ ಮೂಗು, ಇವೆರಡೇ ಪ್ರಮಾಣಪತ್ರ.

1983ರಲ್ಲಿ ಒಮಾನ್‌ನಲ್ಲಿ ಸುಲ್ತಾನರ ಆಸ್ಥೆಯಿಂದ ಅಮುಆಜ್ ಸಂಸ್ಥೆ ಸ್ಥಾಪನೆಗೊಂಡು ಅರಬ್ ಸುಗಂಧವನ್ನು ಆಧುನಿಕ ಸೀಸೆಗೆ ತಂದಿತು. 2002ರಲ್ಲಿ ಈವ್ ಸಾನ್ ಲೊರಾಂ ಸಂಸ್ಥೆಯ ‘ಎಂ7’ ಊದ್‌ನ ಪರಿಮಳವನ್ನು ಪಾಶ್ಚಾತ್ಯ ಮಾರುಕಟ್ಟೆಗೆ ಪರಿಚಯಿಸಿತು. ಐದು ವರ್ಷಗಳ ಬಳಿಕ ಬಂದ ಟಾಮ್ ಫೋರ್ಡ್ ಅವರ ‘ಊದ್ ವುಡ್’ ಅದನ್ನು ಫ್ಯಾಷನ್ ಮಾಡಿತು. ಅಲ್ಲಿಂದ ಮುಂದೆ ಊದ್ ಎಂದು ಹೆಸರಿಡದ ಸಂಸ್ಥೆ ಅಪರೂಪ. ಯುರೋಪ್ ಅದನ್ನು ದುಬಾರಿಯಾಗಿಸಿ ಕೊಲ್ಲಿಗೇ ಮರಳಿ ಮಾರಿತು. ಕೊಲ್ಲಿಯ ತಯಾರಕರು ಅದನ್ನು ಅಗ್ಗವಾಗಿಸಿ ಜಗತ್ತಿಗೆಲ್ಲ ಮಾರಿದರು.

ಇಲ್ಲಿ ಓದುಗರು ಒಂದು ಸರಳ ಲೆಕ್ಕ ಹಾಕಬಹುದು. ಒಳ್ಳೆಯ ಊದ್ ತೈಲದ ಒಂದು ತೊಲಕ್ಕೆ, ಅಂದರೆ ಸುಮಾರು 12 ಮಿಲಿಲೀಟರಿಗೆ, ಹತ್ತಾರು ಸಾವಿರ ರೂಪಾಯಿ ಬೇಕು. ಅದೇ ಹೆಸರಿನ 100 ಮಿಲಿಲೀಟರ್ ಸೀಸೆ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಒಳಗೆ ಮರದ ತೈಲ ಇರಲಾರದು.

ಇರುವುದೇನು? ಪ್ರಯೋಗಾಲಯದಲ್ಲಿ ಸಂಯೋಜಿಸಿದ ಅಣುಗಳ ಮಿಶ್ರಣ, ಚರ್ಮ ಮತ್ತು ಕೇಸರಿಯ ವಾಸನೆ ನೆನಪಿಸುವ ರಾಸಾಯನಿಕಗಳು. ಜೊತೆಗೆ ಹಲವು ಬಾರಿ ಭಾರತದ್ದೇ ನಾಗರಮೋಥಾ ತೈಲ. ಅದು ನಮ್ಮ ಹೊಲಗಳಲ್ಲಿ ಕಳೆಯಾಗಿ ಕಾಡುವ ಕೊನ್ನಾರಿಗೆಡ್ಡೆಯ ಬಳಗದ ಜೊಂಡು. ಅದರ ಮಣ್ಣು ಮತ್ತು ಹೊಗೆಯ ವಾಸನೆ ಊದ್‌ನ ಭ್ರಮೆ ಹುಟ್ಟಿಸಲು ಬಹಳ ಒದಗುತ್ತದೆ. ದುಬಾರಿ ಪಾಶ್ಚಾತ್ಯ ಸೀಸೆಗಳಲ್ಲಿಯೂ ಹೆಚ್ಚಿನವು ಇಂಥ ಸಂಯೋಜನೆಗಳೇ.

ಇದನ್ನು ಅಪರಾಧವೆಂದು ನಾವು ಕರೆಯುವುದಿಲ್ಲ. ಸುಗಂಧ ಸಂಯೋಜನೆ ಒಂದು ಕಲೆ. ಮರವನ್ನು ಮುಟ್ಟದೆ ಅದರ ನೆನಪನ್ನು ಕಟ್ಟಿಕೊಡುವ ಕಲಾವಿದ ಗೌರವಕ್ಕೆ ಅರ್ಹ. ಕೃತಕ ಊದ್ ಮರದ ಮೇಲಿನ ಒತ್ತಡವನ್ನು ತಗ್ಗಿಸುತ್ತದೆ ಎಂದು ಉದ್ಯಮ ವಾದಿಸುತ್ತದೆ. ಅದರಲ್ಲಿ ಹುರುಳಿದೆ, ಆದರೆ ಒಂದು ಷರತ್ತಿನ ಮೇಲೆ: ಕೃತಕವೆಂದು ಹೇಳಿ ಮಾರಿದಾಗ ಮಾತ್ರ.

ಹೇಳದೆ ಮಾರಿದಾಗ ಪರಿಣಾಮ ತಿರುಗುಮುರುಗು. ಪ್ರತಿ ಅಗ್ಗದ ಸೀಸೆಯೂ ನಿಜವಾದ ಮರಕ್ಕೆ ಪುಕ್ಕಟೆ ಜಾಹೀರಾತಾಗುತ್ತದೆ. ಸೀಸೆಯಿಂದ ರುಚಿ ಹತ್ತಿದ ಸಿರಿವಂತ ಗ್ರಾಹಕ ಮುಂದೆ ಕಾಡಿನ ಚಕ್ಕೆಯನ್ನೇ ಕೇಳುತ್ತಾನೆ. ಅದರ ಬೆಲೆ ಏರುತ್ತದೆ, ಕೊಡಲಿಗೆ ಕೆಲಸ ಹೆಚ್ಚುತ್ತದೆ. ಉಳಿದವರಿಗೆ ಪರಿಮಳ ಎಲ್ಲೆಡೆ ಇರುವಾಗ ಮರ ಇಲ್ಲವೆಂಬ ಅನುಮಾನವೇ ಬರುವುದಿಲ್ಲ.

ಚೀಟಿಯ ಮೇಲೆ ಸಾಮಾನ್ಯವಾಗಿ ಇರುವುದು ‘ಪರ್ಫ್ಯೂಮ್’ ಅಥವಾ ‘ಫ್ರಾಗ್ರೆನ್ಸ್’ ಎಂಬ ಒಂದು ಪದ. ಸೂತ್ರ ರಹಸ್ಯವಾಗಿರಬೇಕೆಂಬ ವಾಣಿಜ್ಯ ನ್ಯಾಯದ ಮರೆಯಲ್ಲಿ ಎಲ್ಲವೂ ಅದರೊಳಗೆ ಅಡಗುತ್ತವೆ. ಐರೋಪ್ಯ ಒಕ್ಕೂಟ 2023ರಲ್ಲಿ ನಿಯಮ ಬಿಗಿಗೊಳಿಸಿ, ಅಲರ್ಜಿ ತರಬಲ್ಲ 80ಕ್ಕೂ ಹೆಚ್ಚು ಘಟಕಗಳನ್ನು ಹೆಸರಿಸುವಂತೆ ವಿಧಿಸಿತು. ಅದು ಚರ್ಮವನ್ನು ಕಾಯುವ ನಿಯಮ. ಹೆಸರಿನ ಸತ್ಯವನ್ನು ಕಾಯುವ ಉದ್ದೇಶ ಅದಕ್ಕಿಲ್ಲ.

ಚಕ್ಕೆಯ ವ್ಯಾಪಾರದಲ್ಲಿ ಮೋಸ ಇನ್ನೂ ನೇರ. ರಾಳವಿಲ್ಲದ ಅಥವಾ ಕೀಳು ದರ್ಜೆಯ ಮರಕ್ಕೆ ಎಣ್ಣೆ, ಬಣ್ಣ ಊಡಿಸಿ ಕಪ್ಪಾಗಿಸಿದ ಸರಕಿಗೆ ಕೊಲ್ಲಿಯ ವರ್ತಕರೇ ‘ಬ್ಲ್ಯಾಕ್ ಮ್ಯಾಜಿಕ್ ವುಡ್’ ಎಂಬ ಅಡ್ಡಹೆಸರು ಇಟ್ಟಿದ್ದಾರೆ. ತಿಳಿದು ಕೊಳ್ಳುವವನಿಗೆ ಅದು ಅಗ್ಗದ ಧೂಪ. ತಿಳಿಯದವನಿಗೆ ಅದನ್ನೇ ಮೇಲ್ದರ್ಜೆಯ ಅಗರು ಎಂದು ದಾಟಿಸಲಾಗುತ್ತದೆ.

ಇದು ಸುಗಂಧದ ಶೋಕಿಗೆ ಸೀಮಿತವಾದ ವಿಷಯವೆಂದು ತಳ್ಳಿಹಾಕಲಾಗದು. ಅರಬ್ ಮನೆಗಳಲ್ಲಿ ಊಟ, ಮಾತು ಮುಗಿದ ಬಳಿಕ ಧೂಪದಾನಿ ಅತಿಥಿಯಿಂದ ಅತಿಥಿಗೆ ಸಾಗುತ್ತದೆ. ಊದ್ ಬಂದ ಮೇಲೆ ಕೂರುವುದಿಲ್ಲ ಎಂಬುದು ಅಲ್ಲಿನ ನಾಣ್ಣುಡಿ; ಅದು ಅತಿಥಿಗೆ ಸಲ್ಲುವ ಕೊನೆಯ ಮರ್ಯಾದೆ. ನಮ್ಮಲ್ಲಿ ವೀಳ್ಯ ಕೊಟ್ಟು ಕಳುಹಿಸುವಂತೆ. ಆ ಮರ್ಯಾದೆಯ ವಸ್ತುವೇ ನಕಲಿಯಾದಾಗ, ಅರಿವಿಲ್ಲದೆಯೇ ಆತಿಥೇಯನೂ ಸುಳ್ಳಿನಲ್ಲಿ ಪಾಲುದಾರನಾಗುತ್ತಾನೆ.

ಮೋಸ ಹೋಗುವವರಲ್ಲಿ ನಮ್ಮವರೂ ಇದ್ದಾರೆ. ಮಂಗಳೂರು, ಉಡುಪಿ, ಭಟ್ಕಳದಿಂದ ಕೊಲ್ಲಿಗೆ ದುಡಿಯಲು ಹೋದವರು ರಜೆಗೆ ಬರುವಾಗ ಊದ್ ತರುವುದು ರೂಢಿ. ಹಬ್ಬಕ್ಕೆ, ಮದುವೆಗೆ, ಹಿರಿಯರ ಕೈಗಿಡಲು ಕೂಡಿಟ್ಟ ಸಂಬಳದಿಂದ ಕೊಂಡದ್ದು ಅದು. ಸೈಟಿಸ್ ನಿಯಮದ ಪ್ರಕಾರ ಪ್ರಯಾಣಿಕರು ಸ್ವಂತ ಬಳಕೆಗೆ ಪರವಾನಗಿಯಿಲ್ಲದೆ ಒಯ್ಯಬಹುದಾದದ್ದು ಒಂದು ಕಿಲೊ ಚಕ್ಕೆ ಮತ್ತು 24 ಮಿಲಿಲೀಟರ್ ತೈಲ, ಅಂದರೆ ಎರಡು ತೊಲ. ನಿಯಮ ಪ್ರಮಾಣವನ್ನು ಇಷ್ಟು ಖಚಿತವಾಗಿ ಅಳೆದಿದೆ. ಅದು ನಿಜವಾದ ಊದ್ ಹೌದೇ ಎಂದು ಕೊಳ್ಳುವವನಿಗೆ ಹೇಳುವ ವ್ಯವಸ್ಥೆ ಮಾತ್ರ ಎಲ್ಲಿಯೂ ಇಲ್ಲ.

ಎರಡನೆಯ ಬಲಿಪಶು ಕೃಷಿಕ. ಅಸ್ಸಾಮಿನ ಹೋಜಾಯಿ ಅಗರು ವ್ಯಾಪಾರದ ಹಳೆಯ ಕೇಂದ್ರ. ಕೊಲ್ಲಿಯ ದೊಡ್ಡ ಸುಗಂಧ ಸಂಸ್ಥೆಯೊಂದರ ಬೇರೂ ಅಲ್ಲಿಯೇ ಇದೆ. ಅಸ್ಸಾಂ 2020ರಲ್ಲಿ, ತ್ರಿಪುರಾ 2021ರಲ್ಲಿ ಅಗರು ನೀತಿ ಪ್ರಕಟಿಸಿದವು. ಕೇಂದ್ರ ಸರ್ಕಾರ 2024ರ ಏಪ್ರಿಲ್‌ನಿಂದ ವಾರ್ಷಿಕ ರಫ್ತು ಮಿತಿಯನ್ನು ಚಕ್ಕೆ ಮತ್ತು ಪುಡಿಗೆ 1.51 ಲಕ್ಷ ಕಿಲೊ, ತೈಲಕ್ಕೆ 7,050 ಕಿಲೊ ಎಂದು ಏರಿಸಿತು. ಹಿತ್ತಿಲಲ್ಲಿ ಮರ ಬೆಳೆಸಿದವನಿಗೆ ಕಾನೂನಿನ ದಾರಿ ತೆರೆದದ್ದು ಸ್ವಾಗತಾರ್ಹ.

ಆದರೆ ಆ ದಾರಿ ತಲುಪುವ ಪೇಟೆಯಲ್ಲಿ ಅವನ ತೈಲಕ್ಕೂ ಕಾರ್ಖಾನೆಯ ಮಿಶ್ರಣಕ್ಕೂ ಒಂದೇ ಹೆಸರು. ಪ್ರಾಮಾಣಿಕ ಸರಕು ತನ್ನನ್ನು ಗುರುತಿಸಿಕೊಳ್ಳಲು ಬೇರೆ ಪದವಿಲ್ಲ. ಮೂಲ ತೋರಿಸುವ ಕಟ್ಟುನಿಟ್ಟಿನ ದಾಖಲೆ ಇಲ್ಲದಿದ್ದರೆ ಕಾಡಿನಿಂದ ಕದ್ದದ್ದನ್ನೂ ತೋಟದ್ದೆಂದು ಸಾಗಿಸಲು ಅದೇ ದಾರಿ ಬಳಕೆಯಾದೀತು.

ಈ ಎಚ್ಚರಿಕೆ ಕರ್ನಾಟಕಕ್ಕೆ ತುರ್ತಿನದು. ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ತೋಟಗಳಲ್ಲಿ ಕಾಫಿ ಮತ್ತು ಅಡಿಕೆಯ ನಡುವೆ ಅಗರು ಸಸಿಗಳು ಎದ್ದಿವೆ. ಸಸಿ ಮಾರುವವರ ಬಾಯಲ್ಲಿ ಲಕ್ಷ, ಕೋಟಿಗಳ ಮಾತಿದೆ, ಮರುಖರೀದಿಯ ಭರವಸೆಯಿದೆ. ಮರ ಬೆಳೆದ ಮಾತ್ರಕ್ಕೆ ಅಗರು ಆಗುವುದಿಲ್ಲ, ಶಿಲೀಂಧ್ರ ಊಡಿಸಿದರೂ ದರ್ಜೆ ಖಾತ್ರಿಯಿಲ್ಲ ಎಂಬುದನ್ನು ಹೇಳುವವರು ಕಡಿಮೆ.

ಮಲೆನಾಡಿಗೆ ವೆನಿಲ್ಲಾದ ನೆನಪು ಮಾಸಿಲ್ಲ. ಈ ಶತಮಾನದ ಆರಂಭದಲ್ಲಿ ಅದರ ಬೆಲೆ ಗಗನಕ್ಕೇರಿದಾಗ ಬಳ್ಳಿ ಹಬ್ಬಿಸದ ತೋಟವಿರಲಿಲ್ಲ, ಕಾಯಿ ಕಾಯಲು ರಾತ್ರಿ ಕಾವಲು ಕೂತವರಿದ್ದರು. ಕೆಲವೇ ವರ್ಷಗಳಲ್ಲಿ ಬೆಲೆ ಕುಸಿದು ಬಳ್ಳಿಯನ್ನು ಕಿತ್ತೆಸೆದರು. ಆ ಬೆಳೆಗೂ ಎದುರಾಳಿಯಾಗಿದ್ದುದು ಅದೇ ಪರಿಮಳದ ಅಗ್ಗದ ರಾಸಾಯನಿಕ. ಅಗರುವಿನ ವಿಷಯದಲ್ಲಿ ಅದೇ ಪಾಠವನ್ನು ರೈತ ಮತ್ತೊಮ್ಮೆ ತನ್ನ ಖರ್ಚಿನಲ್ಲಿ ಕಲಿಯಬೇಕಾಗಬಾರದು.

ಶ್ರೀಗಂಧದ ಪಾಠ ಬೇರೆ ಬಗೆಯದು. ಟಿಪ್ಪು 1792ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದಂದಿನಿಂದ ಅದು ಸರ್ಕಾರದ ಸೊತ್ತಾಯಿತು. ತನ್ನ ಹೊಲದಲ್ಲಿ ಹುಟ್ಟಿದ ಗಂಧ ತನ್ನದಲ್ಲವಾದ್ದರಿಂದ ಅದನ್ನು ಬೆಳೆಸಲು ರೈತನಿಗೆ ಆಸೆಯಾಗಲಿಲ್ಲ. ಕಳ್ಳನಿಗೆ ಕಡಿಯಲು ಅಡ್ಡಿಯಾಗಲಿಲ್ಲ. 2001ರ ತಿದ್ದುಪಡಿ ಒಡೆತನವನ್ನು ರೈತನಿಗೆ ಮರಳಿಸುವ ಹೊತ್ತಿಗೆ ಕಾಡು ಬರಿದಾಗಿತ್ತು. ಇಂದು ಆಸ್ಟ್ರೇಲಿಯಾದ ಕುನನುರ್ರಾ ಸುತ್ತಲಿನ ತೋಟಗಳು ಭಾರತದ ಶ್ರೀಗಂಧವನ್ನು ಜಗತ್ತಿಗೆ ಮಾರುತ್ತಿವೆ. ನಿರ್ಬಂಧವೊಂದೇ ಮರವನ್ನು ಉಳಿಸದು ಎಂಬುದಕ್ಕೆ ನಮಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದ್ದರಿಂದ ಊದ್ ಮೇಲೆ ನಿಷೇಧ ಹೇರಿ ಎಂದು ನಾವು ಕೇಳುವುದಿಲ್ಲ. ನಮ್ಮ ಬೇಡಿಕೆ ಸತ್ಯದ ಚೀಟಿ.

ಮೊದಲ ಹೊಣೆ ಸುಗಂಧ ಸಂಸ್ಥೆಗಳದು. ಸೂತ್ರವನ್ನು ಬಯಲು ಮಾಡಿ ಎಂದು ಯಾರೂ ಕೇಳುತ್ತಿಲ್ಲ. ಊದ್ ಎಂಬ ಪದದ ಪಕ್ಕದಲ್ಲಿ ಕಾಡಿನದು, ತೋಟದ್ದು ಅಥವಾ ಸಂಯೋಜಿತ ಎಂಬ ಒಂದು ಮಾತು ಸೇರಿಸಿದರೆ ಸಾಕು. ತೋಟದ್ದಾದರೆ ಯಾವ ದೇಶದ್ದೆಂದೂ ಹೇಳಲಿ. ಇದಕ್ಕೆ ಒಪ್ಪದ ಸಂಸ್ಥೆ ಯಾರಿಂದ ಏನನ್ನು ಮುಚ್ಚಿಡುತ್ತಿದೆ ಎಂದು ಕೇಳುವ ಹಕ್ಕು ಗ್ರಾಹಕನಿಗಿದೆ.

ಎರಡನೆಯ ಹೊಣೆ ಸೌದಿ ಅರೇಬಿಯಾ ಮತ್ತು ಸಂಯುಕ್ತ ಅರಬ್ ಸಂಸ್ಥಾನದ ಸರ್ಕಾರಗಳದು. ಅತಿ ದೊಡ್ಡ ಖರೀದಿದಾರರು ಅಲ್ಲಿದ್ದಾರೆ. ಪರಂಪರೆಯ ವಾರಸುದಾರರೂ ಅವರೇ. ಸೌದಿಯ ಆಹಾರ ಮತ್ತು ಔಷಧ ಪ್ರಾಧಿಕಾರದಂಥ ಸಂಸ್ಥೆಗಳು ಈ ಮೂರು ವರ್ಗಗಳನ್ನು ಕಡ್ಡಾಯಗೊಳಿಸಿದರೆ ಜಗತ್ತಿನ ಮಾರುಕಟ್ಟೆ ಅದನ್ನು ಅನುಸರಿಸದೆ ವಿಧಿಯಿಲ್ಲ. ವಿಜ್ಞಾನವೂ ಸಿದ್ಧವಿದೆ: ಅಗರು ರಾಳದಲ್ಲಿ ಸಿಗುವ ಕ್ರೋಮೋನ್ ಎಂಬ ವಿಶಿಷ್ಟ ಸಂಯುಕ್ತಗಳ ನೆರವಿನಿಂದ ನಿಜವಾದ ಚಕ್ಕೆಯನ್ನು ಪ್ರಯೋಗಾಲಯ ಗುರುತಿಸಬಲ್ಲದು.

ಮೂರನೆಯದು ಭಾರತ ಸರ್ಕಾರದ್ದು. ದಾರಿತಪ್ಪಿಸುವ ಜಾಹೀರಾತುಗಳ ಮೇಲೆ ಕ್ರಮ ಕೈಗೊಳ್ಳಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಅಧಿಕಾರ ನೀಡಿದೆ. ಶುದ್ಧ ಊದ್ ಎಂದು ಸಾರಿ ಕೆಲವು ನೂರು ರೂಪಾಯಿಗೆ ಮಾರುವವರಿಂದ ಅದು ಪುರಾವೆ ಕೇಳಲಿ. ರಫ್ತು ಮಿತಿ ಏರಿಸಿದ ಸಚಿವಾಲಯ, ತೋಟದಿಂದ ಬಂದರಿನವರೆಗೆ ಪ್ರತಿ ಕಿಲೊದ ಮೂಲ ತಿಳಿಯುವ ದಾಖಲೆಯನ್ನೂ ರೂಪಿಸಲಿ.

ನಾಲ್ಕನೆಯದು ನಮ್ಮ ರಾಜ್ಯದ್ದು. ಅಗರು ಸಸಿ ಮಾರುವ ಮತ್ತು ಮರುಖರೀದಿಯ ವಾಗ್ದಾನ ನೀಡುವ ಪ್ರತಿ ಕಂಪನಿಯ ಒಪ್ಪಂದವನ್ನು ತೋಟಗಾರಿಕೆ ಮತ್ತು ಅರಣ್ಯ ಇಲಾಖೆಗಳು ಪರಿಶೀಲಿಸಿ ನೋಂದಾಯಿಸಬೇಕು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಪರಿಣತಿಯನ್ನು ಬಳಸಿ, ಮಲೆನಾಡಿನ ಮಣ್ಣಿನಲ್ಲಿ ಯಾವ ದರ್ಜೆಯ ರಾಳ ಎಷ್ಟು ಕಾಲದಲ್ಲಿ ಸಿಗಬಹುದೆಂಬ ನಿಷ್ಪಕ್ಷಪಾತ ಮಾಹಿತಿಯನ್ನು ಕನ್ನಡದಲ್ಲಿ ಪ್ರಕಟಿಸಬೇಕು. ರೈತ ಸಾಲ ಮಾಡಿ ಗುಂಡಿ ತೋಡುವ ಮೊದಲೇ ಅದು ಅವನ ಕೈಯಲ್ಲಿರಬೇಕು.

ಓದುಗರ ಪಾಲಿಗೂ ಒಂದು ಕೆಲಸವಿದೆ. ಮುಂದಿನ ಬಾರಿ ಊದ್ ಎಂಬ ಸೀಸೆ ಕೈಗೆತ್ತಿಕೊಂಡಾಗ, ಇದು ಮರದ್ದೇ ಎಂದು ಕೇಳಿ. ಅಲ್ಲ ಎಂಬ ಉತ್ತರ ಬಂದರೂ ಇಷ್ಟವಿದ್ದರೆ ಕೊಳ್ಳಿ, ಅದರಲ್ಲಿ ತಪ್ಪಿಲ್ಲ. ಗೊತ್ತಿಲ್ಲ ಎಂಬ ಉತ್ತರವನ್ನು ಮಾತ್ರ ಒಪ್ಪಬೇಡಿ.

ಜಪಾನಿನ ನಾರಾ ನಗರದ ಶೋಸೊಇನ್ ಭಂಡಾರದಲ್ಲಿ ‘ರಂಜತಾಯ್’ ಎಂಬ ಅಗರು ಕೊರಡೊಂದನ್ನು ಶತಮಾನಗಳಿಂದ ಕಾಪಾಡಲಾಗಿದೆ. ಉದ್ದ 156 ಸೆಂಟಿಮೀಟರ್, ತೂಕ 11.6 ಕಿಲೊ. ಸೇನಾಧಿಪತಿ ಓಡಾ ನೊಬುನಾಗಾ 1574ರಲ್ಲಿ, ಚಕ್ರವರ್ತಿ ಮೇಜಿ 1877ರಲ್ಲಿ ಅದರಿಂದ ಚೂರುಗಳನ್ನು ತೆಗೆಸಿಕೊಂಡರು. ಕತ್ತರಿಸಿದ ಜಾಗದಲ್ಲಿ, ಇದು ಇಂಥವರು ತೆಗೆದದ್ದು ಎಂದು ಬರೆದ ಪುಟ್ಟ ಕಾಗದದ ಚೀಟಿ ಅಂಟಿಸಲಾಗಿದೆ. ಚಕ್ರವರ್ತಿಯೂ ಅದರಿಂದ ಹೊರತಾಗಲಿಲ್ಲ.

ಒಂದು ಕೊರಡಿನಿಂದ ಒಂದು ಚೂರು ತೆಗೆದದ್ದಕ್ಕೆ ಅಲ್ಲಿ ಲೆಕ್ಕವಿದೆ. ಒಂದು ಪ್ರಭೇದವನ್ನೇ ಅಳಿವಿನಂಚಿಗೆ ತಂದ ವ್ಯಾಪಾರ ತನ್ನ ಸೀಸೆಯ ಮೇಲೆ ಒಂದು ಮಾತಿನ ಲೆಕ್ಕ ಕೊಡಲಿ. ಅದನ್ನು ಕೊಡಿಸುವ ಅಧಿಕಾರ ಸರ್ಕಾರಗಳ ಕೈಯಲ್ಲಿದೆ. ಕಾಡಿನಲ್ಲಿ ಮರ ಉಳಿದಿರುವಾಗಲೇ ಅವು ಅದನ್ನು ಬಳಸಬೇಕು.